ಹೆಸರು ಕೊರೆದ ಡಬ್ಬಿ

ಪಟ್ಟಿಗೆ ಹತ್ತು ಕುಟುಂಬಗಳು ಬೇಕಿದ್ದವು. ಲತಾಳ ಕೈಯಲ್ಲಿ ಒಂಬತ್ತಿದ್ದವು. ಹತ್ತನೆಯದನ್ನು ಹುಡುಕುತ್ತ ಎರಡು ವಾರ ಬೆಂಗಳೂರಿನ ವಿಜಯನಗರದ ಸಂದಿಗೊಂದಿಗಳನ್ನೆಲ್ಲ ಸುತ್ತಿ ಚಪ್ಪಲಿ ಹರಿದುಕೊಂಡಿದ್ದಳು. ತನ್ನ ಮನೆಯ ಹಿತ್ತಲಿಗೆ ಮಾತ್ರ ಹೋಗಿ ನೋಡಿರಲಿಲ್ಲ.

ಅವಳದು ಮಕ್ಕಳಿಗಾಗಿ ದುಡಿಯುವ ಸಂಸ್ಥೆಯೊಂದರಲ್ಲಿ ಗುತ್ತಿಗೆಯ ನೌಕರಿ. ಹನ್ನೊಂದು ತಿಂಗಳಿಗೊಮ್ಮೆ ಕಾಗದ ಹೊಸದಾಗಬೇಕು, ಆಗುವವರೆಗೆ ಎದೆ ಡವಡವ ಎನ್ನಬೇಕು. ಈ ವರ್ಷ ಸಂಸ್ಥೆ ಹೊಸ ಯೋಜನೆಯೊಂದನ್ನು ಹಾಕಿಕೊಂಡಿತ್ತು. ಹೆತ್ತವರು ಕೈಸೋತು ಮಕ್ಕಳು ಬಾಲಮಂದಿರ ಸೇರಿದ ಮೇಲೆ ಓಡಾಡುವುದಕ್ಕಿಂತ, ಮೊದಲೇ ಆ ಮನೆಯ ಕೈಹಿಡಿದು ನಿಲ್ಲಿಸುವುದು. ದುಡಿಯುವ ತಾಯಂದಿರ ಮಕ್ಕಳಿಗೆ ಹಗಲು ಆಸರೆಯ ಕೇಂದ್ರ, ತಿಂಗಳಿಗಿಷ್ಟು ರೇಷನ್ನು, ಬಾಡಿಗೆ ಮನೆ ಕೈತಪ್ಪಿದರೆ ಇನ್ನೊಂದು ಮನೆಗೆ ಅಡ್ವಾನ್ಸು. ಇದನ್ನೆಲ್ಲ ಯೋಚಿಸಿ, ಬರೆದು, ಲೆಕ್ಕ ಹಾಕಿ ಮುಂದಿಡುವ, ಮೊದಲ ಹತ್ತು ಕುಟುಂಬಗಳನ್ನು ಗುರುತಿಸುವ ಕೆಲಸ ಲತಾಳ ಪಾಲಿಗೆ ಬಂದಿತ್ತು. ಚೆನ್ನಾಗಿಯೇ ಬರೆದಿದ್ದಳು. ಆ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ತುಂಬ ಕಾಗದ ಹರಡಿಕೊಂಡು ಕೂತಿದ್ದಾಗ ಅತ್ತೆ ಲಕ್ಷ್ಮಿದೇವಮ್ಮ ಮುದ್ದೆಯ ತಟ್ಟೆ ಹಿಡಿದು ಬಂದರು.

"ಎತ್ತೇ ಅದನ್ನೆಲ್ಲ. ಮುದ್ದೆ ಆರೋಗ್ತದೆ. ಊರೋರ್ ಸಂಸಾರ ಆಮೇಲೆ ರಿಪೇರಿ ಮಾಡೀವಂತೆ."

ಮಾವ ಕೃಷ್ಣಪ್ಪ ಆಗಲೇ ಕೈತೊಳೆದು ಕೂತಿದ್ದರು. ಮಾರೇನಹಳ್ಳಿ ನಿಜವಾಗಿಯೂ ಹಳ್ಳಿಯಾಗಿದ್ದಾಗ ಈ ಮನೆತನಕ್ಕೆ ನಾಲ್ಕೆಕರೆ ರಾಗಿ ಹೊಲವಿತ್ತಂತೆ. ಕೃಷ್ಣಪ್ಪನವರ ಅಪ್ಪ ಯಾವುದೋ ಕಾಗದಕ್ಕೆ ಹೆಬ್ಬೆಟ್ಟೊತ್ತಿದರು, ಹೊಲವೆಲ್ಲ ಲೇಔಟಾಯಿತು. ಉಳಿದದ್ದು ಈ ಎರಡಂತಸ್ತಿನ ಮನೆ ಮತ್ತು ಹಿತ್ತಲಲ್ಲಿ ಶೀಟು ಹೊದಿಸಿದ ಮೂರು ಕೋಣೆಗಳು. ಅಂದಿನಿಂದ ಕೃಷ್ಣಪ್ಪ ಯಾವ ಕಾಗದಕ್ಕೂ ಸಹಿ ಹಾಕುವವರಲ್ಲ. ಬಾಡಿಗೆಗೆ ಬಂದವರಿಗೆ ಕರಾರೂ ಇಲ್ಲ, ರಸೀದಿಯೂ ಇಲ್ಲ. ಕೊರಿಯರ್ ಹುಡುಗ ಬಂದರೆ "ಸೊಸೆ ಬರ್ಲಿ ಇರಪ್ಪ" ಎಂದು ಒಳಗೆ ಹೋಗಿಬಿಡುತ್ತಿದ್ದರು.

ಹಿತ್ತಲಿನ ಎರಡು ಕೋಣೆಗಳು ಖಾಲಿಯಾಗಿದ್ದವು. ಮೂರನೆಯದರಲ್ಲಿ ನಾಲ್ಕು ವರ್ಷದಿಂದ ಗುರುದೇವಿ ಇದ್ದಳು. ಶಿರಹಟ್ಟಿ ಕಡೆಯವಳು. ಗಾರೆ ಕೆಲಸದ ಗಂಡ ಗೋವಾಕ್ಕೆ ಹೋಗಿ ಬರುತ್ತೇನೆಂದು ಹೊರಟವನು ಎರಡು ವರ್ಷವಾದರೂ ಬಂದಿರಲಿಲ್ಲ, ಫೋನೂ ಎತ್ತುತ್ತಿರಲಿಲ್ಲ. ಒಂಬತ್ತು ವರ್ಷದ ಮಗಳಿಗೆ ಅಜ್ಜಿಯ ಹೆಸರೇ ಇಟ್ಟಿದ್ದರು, ಅಕ್ಕವ್ವ ಅಂತ. ಅವಳ ಸೊಂಟದ ಮೇಲೆ ಸದಾ ಎರಡೂವರೆ ವರ್ಷದ ತಮ್ಮ ಫಕೀರೇಶ. ಗುರುದೇವಿ ಬೆಳಿಗ್ಗೆ ಈ ಮನೆಯ ಪಾತ್ರೆ, ಆಮೇಲೆ ಚಂದ್ರಾ ಲೇಔಟಿನ ಎರಡು ಮನೆ, ಮಧ್ಯಾಹ್ನದಿಂದ ದರ್ಶಿನಿ ಹೋಟೆಲೊಂದರಲ್ಲಿ ತಟ್ಟೆಲೋಟ ತೊಳೆಯುತ್ತಿದ್ದಳು. ತಮ್ಮನನ್ನು ನೋಡಿಕೊಳ್ಳಲು ಅಕ್ಕವ್ವ ವಾರಕ್ಕೆ ಮೂರು ದಿನ ಶಾಲೆ ಬಿಡುತ್ತಿದ್ದಳು.

ಬಾಗಿಲಲ್ಲಿ ಅವಳೇ ಬಂದು ನಿಂತಳು. ಒಂದು ಕೈಯಲ್ಲಿ ತಮ್ಮ, ಇನ್ನೊಂದರಲ್ಲಿ ಸ್ಟೀಲಿನ ಡಬ್ಬಿ.

"ಅಮ್ಮಾರ, ನಿಮ್ಮ ಡಬ್ಬಿರಿ. ಅವ್ವ ಕೊಟ್ಟು ಬಾ ಅಂದಾಳ."

ಲಕ್ಷ್ಮಿದೇವಮ್ಮ ಮುಚ್ಚಳ ತೆಗೆದರು. ತಳದಲ್ಲಿ ಒಂದು ಹಿಡಿ ಶೇಂಗಾ ಚಟ್ನಿಪುಡಿ, ಅವರ ಕಡೆಯ ಮಾತಲ್ಲಿ ಹಿಂಡಿ. "ನೋಡು, ಒಂದಿನ ಖಾಲಿ ಡಬ್ಬಿ ಕಳಿಸ್ದೋಳಲ್ಲ ಇವಳು. ನಮ್ಮ ನೆಂಟರೂ ಇದಾರೆ, ಪಾತ್ರೇನೇ ವಾಪಸ್ ಕೊಡಲ್ಲ." ಹಿಂಡಿ ಬಟ್ಟಲಿಗೆ ಸುರಿದುಕೊಂಡು ಅದರಲ್ಲೇ ಬಸ್ಸಾರು ತುಂಬಿ ಎರಡು ಮುದ್ದೆ ಸೇರಿಸಿ ಕೊಟ್ಟರು. ಈ ಮನೆಯ ಪಾತ್ರೆಗಳಿಗೆಲ್ಲ ಅವರು ಹೆಸರು ಕೊರೆಸಿದ್ದರು. ಡಬ್ಬಿಯ ಮೈಮೇಲೂ ಇತ್ತು: ಕೆ. ಲಕ್ಷ್ಮಿದೇವಮ್ಮ, ಮಾರೇನಹಳ್ಳಿ.

ಅಕ್ಕವ್ವ ಹೋದ ಮೇಲೆ ಮೇಜಿನ ಆ ತುದಿಯಿಂದ ಮಗಳು ಗಗನಾ ಕೇಳಿದಳು. ಹತ್ತನೆಯ ಕ್ಲಾಸು, ಬಾಯಿಗೆ ಬೀಗ ಇಲ್ಲ.

"ಅಮ್ಮಾ, ನಿಂಗೆ ಇನ್ನೊಂದು ಫ್ಯಾಮಿಲಿ ಬೇಕಲ್ವಾ? ಗುರುದೇವಿ ಆಂಟಿ ಹೆಸ್ರು ಬರಿ. ನೀನು ಬರ್ದಿರೋದೆಲ್ಲ ಅವರಿಗೇ ಮ್ಯಾಚ್ ಆಗುತ್ತೆ."

ಲತಾಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಹೌದಲ್ಲ! ಒಂಟಿ ತಾಯಿ, ಶಾಲೆ ಬಿಡುವ ಮಗು, ಕರಾರಿಲ್ಲದ ಬಾಡಿಗೆ. ಒಂದೊಂದೂ ಅವಳೇ ಬರೆದ ಗುರುತುಗಳು. ಇಷ್ಟು ದಿನ ಹೊಳೆಯದೇ ಹೋದದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

"ಮಾವ, ಒಂದು ಲೆಟರ್ ಬೇಕು. ನಮ್ಮ ಹಿತ್ಲಲ್ಲಿ ಬಾಡಿಗೆಗಿದಾರೆ ಅಂತ ನೀವೊಂದು ಸೈನ್ ಹಾಕಿದ್ರೆ ಸಾಕು. ನಾನೇ ಬರೀತೀನಿ."

"ಸೈನಾ?" ಕೃಷ್ಣಪ್ಪ ತಲೆ ಎತ್ತಲಿಲ್ಲ. "ಅದೊಂದ್ ಬಿಟ್ಟು ಬೇರೆ ಏನಾದ್ರೂ ಕೇಳವ್ವ."

"ಬರೀ ಅಡ್ರೆಸ್ ಪ್ರೂಫ್ ಮಾವ. ನಿಮಗೇನೂ ಆಗಲ್ಲ."

"ನಮ್ಮಪ್ಪಂಗೂ ಹಂಗೇ ಅಂದಿದ್ರು. ಈಗ ಆ ಹೊಲದ ಮೇಲೆ ಜಿಮ್ ಐತೆ."

ಆಗ ಗಂಡ ಮಧುಕುಮಾರ್ ಬಾಯಿ ಹಾಕಿದ. "ಲತಾ, ನಿಂಗೇನ್ ತಲೆ ಕೆಟ್ಟಿದ್ಯಾ? ಹಿಂದಿನ ರೂಮ್ಸ್ ಕೆಡವಿ ಪಿಜಿ ಕಟ್ಟೋದು ಅಂತ ಮೂರು ತಿಂಗಳಿಂದ ಓಡಾಡ್ತಾ ಇದೀನಿ. ಈಗ ಅವಳು ನಮ್ ಟೆನೆಂಟು ಅಂತ ರೈಟಿಂಗಲ್ಲಿ ಕೊಟ್ರೆ, ನಾಳೆ ಖಾಲಿ ಮಾಡಲ್ಲ ಅಂದ್ರೆ ಏನ್ ಮಾಡ್ತೀಯ?"

"ಪಿಜಿ ಮುಂದಿನ ವರ್ಷ ಅಂದಿದ್ರಲ್ಲ?"

"ಆಷಾಢಕ್ಕೆ ಮುಂಚೆ ಭೂಮಿಪೂಜೆ ಆಗ್ಬೇಕು. ಆಷಾಢ ಹಿಡಿದ್ರೆ ಒಂದು ತಿಂಗಳು ಯಾವ ಐನೋರೂ ಬರಲ್ಲ, ಮೇಸ್ತ್ರಿ ಬೇರೆ ಕೆಲಸ ಹಿಡೀತಾನೆ. ಹದಿನೆಂಟು ದಿನ ಇದೆ."

"ಮತ್ತೆ ಗುರುದೇವಿ?" ಎಂದರು ಲಕ್ಷ್ಮಿದೇವಮ್ಮ. "ಎರಡು ಮಕ್ಕಳು ಕಟ್ಕೊಂಡು ಎಲ್ಲಿಗೋಗ್ತಾಳೋ?"

"ಬೆಂಗಳೂರಲ್ಲಿ ಮನೆಗೇನಮ್ಮ ಬರ? ಸಿಗುತ್ತೆ."

"ಪಾತ್ರೆ ಯಾರು ತೊಳೀತಾರೆ ಹಂಗಾದ್ರೆ?"

ಅಜ್ಜಿಯ ಕರುಣೆ ಅಲ್ಲಿಗೆ ಬಂದು ನಿಂತದ್ದು ನೋಡಿ ಗಗನಾ ಕಿಸಕ್ಕನೆ ನಕ್ಕಳು. ಲತಾಳಿಗೆ ನಗು ಬರಲಿಲ್ಲ. ಮರುದಿನ ಆಫೀಸಿನಲ್ಲಿ ಅವಳ ಮೇಲಿನವನಾದ ವೆಂಕಟೇಶನನ್ನು ಕೇಳಿದಳು. ಓನರ್ ಸಹಿ ಕೊಡದಿದ್ದರೆ ಬೇರೆ ದಾರಿ ಇಲ್ಲವೇ?

"ಇದೆಯಲ್ಲ ಮೇಡಂ. ಆ ಫ್ಯಾಮಿಲಿ ಇಂಥಲ್ಲಿ ಇದೆ, ನಾನು ಕಣ್ಣಾರೆ ನೋಡಿದೀನಿ ಅಂತ ಫೀಲ್ಡ್ ವರ್ಕರ್ ಬರ್ಕೊಟ್ರೂ ನಡೆಯುತ್ತೆ. ಯಾರ್ದು? ಓನರ್ ಯಾರಂತೆ? ಹೇಳಿ, ನಾನೇ ಬಂದು ಮಾತಾಡ್ತೀನಿ."

ಓನರ್ ನಮ್ಮ ಮಾವ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಹೇಳಿದರೆ ವೆಂಕಟೇಶ್ ಬರುತ್ತಾನೆ, ಹಿತ್ತಲು ನೋಡುತ್ತಾನೆ, ಇದೇ ಮನೆಯವರು ಬಿಡಿಸುತ್ತಿದ್ದಾರೆಂದು ತಿಳಿಯುತ್ತಾನೆ. ಆಗ ಆಫೀಸಿನಲ್ಲೂ ಮರ್ಯಾದೆ ಹೋಯಿತು, ಮನೆಯಲ್ಲೂ ರಾಮಾಯಣ. "ಬೇಡ ಬಿಡಿ ಸಾರ್, ಕೆಂಗೇರಿ ಕಡೆ ಇನ್ನೊಂದು ಫ್ಯಾಮಿಲಿ ಇದೆ" ಎಂದಳು. ಆ ಕುಟುಂಬಕ್ಕೂ ಕಷ್ಟವಿತ್ತು, ಸುಳ್ಳಲ್ಲ. ಹತ್ತನೆಯ ಜಾಗದಲ್ಲಿ ಆ ಹೆಸರು ಕೂತಿತು.

*

ಗುರುದೇವಿಗೆ ವಿಷಯ ಹೇಳಿದವನು ಮಧು. ಬೈಕಿಗೆ ಕಿಕ್ ಹೊಡೆಯುತ್ತ, "ಹದಿನೈದು ದಿನದಲ್ಲಿ ಖಾಲಿ ಮಾಡ್ಬೇಕಮ್ಮ, ಬೇಜಾರ್ ಮಾಡ್ಕೋಬೇಡ" ಎಂದು ಹೇಳಿ ಹೊರಟುಬಿಟ್ಟ. ಗುರುದೇವಿ ತಿಕ್ಕುತ್ತಿದ್ದ ಕುಕ್ಕರನ್ನು ತಿಕ್ಕಿ ಮುಗಿಸಿ, ತೊಳೆದು ಬೋರಲು ಹಾಕಿ, ಆಮೇಲೆ ಒಳಗೆ ಬಂದಳು.

"ಅಕ್ಕಾರ, ಸಣ್ಣ ಯಜಮಾನ್ರು ಹಿಂಗಂದ್ರು. ಖರೇ ಏನ್ರಿ?"

"ಹೌದು ಗುರುದೇವಿ. ಕಟ್ಟಡ ಕಟ್ತಾರೆ."

"ಅಕ್ಕಾರ, ನೀವು ಮನಿ ಕಳ್ಕೊಂಡ ಮಂದಿಗೆ ಏನೋ ಮಾಡ್ಸಿ ಕೊಡ್ತೀರಂತ. ಗಗನವ್ವ ಹೇಳ್ತಿದ್ರು. ನಮ್ದೂ ಹೆಸರು ಬರ್ಕೋರಿ. ಹಗಲೊತ್ತು ಫಕೀರೇಶನ್ನ ಯಾರಾದ್ರೂ ಇಟ್ಕೊಂಡ್ರ ಸಾಕು, ಅಕ್ಕವ್ವ ಸಾಲಿಗೆ ಹೋಗ್ತಾಳ. ಮತ್ತೇನೂ ಬ್ಯಾಡ್ರಿ ನಂಗ."

ಪಟ್ಟಿ ಇನ್ನೂ ಲತಾಳ ಚೀಲದಲ್ಲೇ ಇತ್ತು. ಕಳಿಸಲು ಮೂರು ದಿನ ಬಾಕಿ. "ಲಿಸ್ಟ್ ಕ್ಲೋಸ್ ಆಗೋಯ್ತು ಗುರುದೇವಿ," ಎಂದಳು. "ಮುಂದಿನ ಸಲ ನೋಡೋಣ."

"ಆತ್ರಿ," ಎಂದು ಗುರುದೇವಿ ಕಸಬರಿಗೆ ಎತ್ತಿಕೊಂಡಳು. ಅವಳು ಅಷ್ಟು ಸಲೀಸಾಗಿ ನಂಬಿದ್ದು ಲತಾಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಅಲ್ಲಿಂದ ದಿನವೂ ಸಂಜೆ ಗುರುದೇವಿ ಮನೆ ಹುಡುಕಲು ಹೊರಟಳು. ಅಕ್ಕವ್ವನಿಗೆ ಅನ್ನ ಬಸಿಯುವುದನ್ನು ಹೇಳಿಕೊಟ್ಟು ಹೋಗುತ್ತಿದ್ದಳು. ಮಾರೇನಹಳ್ಳಿಯಲ್ಲಿ ಒಬ್ಬರು "ಮನೇಲಿ ಗಂಡಸು ಯಾರಿದಾರೆ?" ಎಂದು ಕೇಳಿ ಬಾಗಿಲು ಹಾಕಿದರು. ಇನ್ನೊಬ್ಬರು ಸಣ್ಣ ಮಗು ಗೋಡೆ ಗೀಚುತ್ತದೆ ಎಂದರು. ಚಂದ್ರಾ ಲೇಔಟಿನಲ್ಲಿ ಒಬ್ಬ ಆಂಟಿ ಕಾರ್ ಶೆಡ್ಡಿನ ಪಕ್ಕದ ಕೋಣೆ ಕೊಡಲು ಒಪ್ಪಿದರು. ಗುರುದೇವಿ ತನ್ನ ಬೆಂಡೋಲೆ ಅಡವಿಟ್ಟು ಅಡ್ವಾನ್ಸು ಜೋಡಿಸಿಕೊಂಡು ಹೋಗುವಷ್ಟರಲ್ಲಿ ಆಂಟಿ ಕ್ಯಾಲೆಂಡರ್ ನೋಡಿದ್ದರು.

"ಇನ್ನು ಮೂರು ದಿನಕ್ಕೆ ಆಷಾಢ ಕಣಮ್ಮ. ಈಗಿರೋ ಬಾಡಿಗೆಯೋರು ಖಾಲಿ ಮಾಡೋಕೇ ನಾಲ್ಕು ದಿನ ಬೇಕು. ಆಷಾಢದಲ್ಲಿ ಹಾಲುಕ್ಕಿಸೋ ಹಂಗಿಲ್ಲ. ಹೊಸಬರನ್ನ ಒಳಗೆ ಬಿಟ್ಕೊಳೋದು ನಮ್ಮನೇಗೂ ಒಳ್ಳೇದಲ್ಲ, ನಿಂಗೂ ಒಳ್ಳೇದಲ್ಲ. ಶ್ರಾವಣಕ್ಕೆ ಬಾ, ಮನೆ ನಿಂದೇ."

ಈ ಸುದ್ದಿ ಕೇಳಿ ಲಕ್ಷ್ಮಿದೇವಮ್ಮ ಗಂಡನ ಮೇಲೆ ಹರಿಹಾಯ್ದರು.

"ಒಂದು ತಿಂಗಳು ತಡ್ಕೊಂಡ್ರೆ ನಿಮ್ಮ ಗಂಟೇನ್ ಹೋಗುತ್ರೀ? ಶ್ರಾವಣದಲ್ಲೇ ಪೂಜೆ ಮಾಡಿ."

"ನಂಗ್ಯಾಕೆ ಹೇಳ್ತೀಯ? ನಿನ್ನ ಮಗಂಗೆ ಹೇಳು. ಮೇಸ್ತ್ರಿಗೆ ಕೈಸಾಲ ಮಾಡಿ ದುಡ್ಡು ಕೊಟ್ಟವ್ನೆ."

"ಯಜಮಾನ ನೀವೋ ಅವನೋ?"

"ಕೋಪ ಬಂದಾಗ ನಾನು. ದುಡ್ಡು ಬೇಕಾದಾಗ ಅವನು."

ಲತಾ ರಾತ್ರಿ ಊಟಕ್ಕೆ ಬಡಿಸುವಾಗ ಮಧುವಿನ ಮುಂದೆ ಒಂದು ಮಾತು ತೆಗೆದಳು. "ರೀ, ಮೇಲೆ ಟೆರೇಸ್ ರೂಮ್ ಇದೆಯಲ್ಲ. ಒಂದು ತಿಂಗಳು ಅಲ್ಲಿರ್ಲಿ."

"ಅಲ್ಲಿ ಸಿಮೆಂಟ್ ಇಡ್ಬೇಕು. ನೆನೆದೋದ್ರೆ ಕಲ್ಲಾಗುತ್ತೆ." ಮಧು ಮಜ್ಜಿಗೆ ಸುರಿದುಕೊಂಡ. "ನೋಡು, ನೀನು ಆಫೀಸ್ ಕೆಲಸ ಮನೆಗೆ ತರ್ಬೇಡ. ನಿಂಗೆ ಇಷ್ಟು ಕನಿಕರ ಇದ್ರೆ ನಿನ್ ಲಿಸ್ಟಲ್ಲಿ ಯಾಕ್ ಹಾಕ್ಲಿಲ್ಲ?"

ಲತಾ ಅನ್ನದ ಪಾತ್ರೆ ಎತ್ತಿಕೊಂಡಳು. ಅವನು ಎರಡನೇ ಸಲ ಅನ್ನ ಹಾಕಿಸಿಕೊಂಡ.

ಭೂಮಿಪೂಜೆ ಆಷಾಢಕ್ಕೆ ಎರಡು ದಿನ ಇರುವಾಗ ಸಾಂಗವಾಗಿ ನಡೆಯಿತು. ಒಬ್ಬಟ್ಟು, ಪಲ್ಯ, ಎರಡು ಬಗೆ ಕೋಸಂಬರಿ. ನಲವತ್ತು ಜನ ಉಂಡರು. ಅಷ್ಟೂ ಪಾತ್ರೆಗಳನ್ನು ತೊಳೆದವಳು ಗುರುದೇವಿ. ಅವಳ ಗಂಟುಮೂಟೆ ಬೆಳಿಗ್ಗೆಯೇ ಲಗೇಜ್ ಆಟೋ ಸೇರಿತ್ತು. ಕೆಲಸ ಮುಗಿಯಲೆಂದು ಆಟೋದವನು ಗೇಟಿನಲ್ಲಿ ಬೀಡಿ ಸೇದುತ್ತ ಕೂತಿದ್ದ.

"ಎಲ್ಲಿಗೆ ಹೋಗ್ತಾ ಇದೀಯ ಈಗ?" ಲಕ್ಷ್ಮಿದೇವಮ್ಮ ಕೇಳಿದರು.

"ಚಂದ್ರಾ ಲೇಔಟಿನ್ಯಾಗ ಕಟ್ಟಾಕತ್ತಿರೋ ಬಿಲ್ಡಿಂಗ್‌ನ ವಾಚ್‌ಮನ್ ನಮ್ಮೂರ ಕಡಿಯವ ಅದಾನ್ರಿ. ಕೆಳಗ ಜಾಗ ಐತಿ, ಒಂದ್ ತಿಂಗ್ಳ ಇದ್ದು ಹೋಗ್ರಿ ಅಂದಾನ."

ಲಕ್ಷ್ಮಿದೇವಮ್ಮ ಕಣ್ಣೊರೆಸಿಕೊಂಡು ಅದೇ ಡಬ್ಬಿಯಲ್ಲಿ ಎಂಟು ಒಬ್ಬಟ್ಟು ತುಂಬಿ, ಮೇಲೆ ತುಪ್ಪ ಸುರಿದು ಕೊಟ್ಟರು. ಅವರ ಕಣ್ಣೀರು ಸುಳ್ಳಲ್ಲ. ಅದರಿಂದ ಯಾರಿಗೂ ಏನೂ ಆಗಲಿಲ್ಲ ಅಷ್ಟೆ.

"ಡಬ್ಬಿ ಆಮ್ಯಾಲೆ ಮುಟ್ಟಿಸ್ತೀನ್ರಿ," ಎಂದಳು ಗುರುದೇವಿ. ಅವರ ಆಟೋ ತಿರುವು ದಾಟುವ ಮೊದಲೇ ಜೆಸಿಬಿ ಗೇಟಿನೊಳಗೆ ನುಗ್ಗಿತು.

*

ಆಮೇಲಿನ ಮೂರು ವಾರ ಮನೆಯಲ್ಲಿ ಪಾತ್ರೆಯದೇ ಜಗಳ. ಹೊಸಬಳೊಬ್ಬಳು ಬಂದು ಎರಡು ದಿನಕ್ಕೆ ಬಿಟ್ಟಳು. ಇನ್ನೊಬ್ಬಳು ಮುದ್ದೆ ಮಾಡಿದ ಪಾತ್ರೆ ತಿಕ್ಕಲು ಬೇರೆ ದುಡ್ಡು ಕೇಳಿದಳು. ಲತಾ ಬೆಳಿಗ್ಗೆ ಐದಕ್ಕೆದ್ದು ತಿಕ್ಕಿ, ಆಫೀಸಿನಿಂದ ಬಂದು ಮತ್ತೆ ತಿಕ್ಕುತ್ತಿದ್ದಳು. ಹಿತ್ತಲಿನ ಧೂಳು ಒಗೆದ ಬಟ್ಟೆಯ ಮೇಲೆ, ಅಕ್ಕಿಯ ಮೇಲೆ, ಮುಚ್ಚಿಟ್ಟ ಹಾಲಿನ ಮೇಲೆ ಕೂರುತ್ತಿತ್ತು.

"ನಿಮ್ಮನೇಲಿ ಒಂದು ಲೋಟ ತೊಳ್ದಿದ್ಯಾ ನೀನು?" ಎಂದು ಅತ್ತೆ ಒಂದು ದಿನ ಗಗನಾಳ ಮೇಲೆ ರೇಗಿದರು.

"ಇದೇ ಅಲ್ವಾ ಅಜ್ಜಿ ನಮ್ಮನೆ? ಅಕ್ಕವ್ವಂಗೂ ಇದೇ ನಿಮ್ಮನೆ ಅಂತಿದ್ರಿ. ಕಳಿಸ್ಬಿಟ್ರಿ."

"ಬಾಯ್ಮುಚ್ಚೇ," ಎಂದಳು ಲತಾ. ಗಗನಾ ಆ ದಿನದಿಂದ ಅಮ್ಮನ ಜೊತೆ ಅಗತ್ಯವಿದ್ದಷ್ಟೇ ಮಾತಾಡಿದಳು.

ಈ ನಡುವೆ ಲತಾಳ ಯೋಜನೆಗೆ ಒಪ್ಪಿಗೆ ಸಿಕ್ಕಿತು. ರಾಜಾಜಿನಗರದ ಸಭಾಂಗಣವೊಂದರಲ್ಲಿ ಅವಳು ಪರದೆಯ ಮೇಲೆ ಒಂದೊಂದೇ ಪುಟ ತೋರಿಸಿ ವಿವರಿಸಿದಳು. "ಮಕ್ಕಳು ಮನೆಯಿಂದ ಬೇರೆಯಾಗೋಕೆ ಬಡತನ ಒಂದೇ ಕಾರಣ ಅಲ್ಲ. ತಲೆ ಮೇಲಿನ ಸೂರು ಇದ್ದಕ್ಕಿದ್ದಂಗೆ ತಪ್ಪೋದು ದೊಡ್ಡ ಕಾರಣ. ಆದ್ದರಿಂದ ನಾವು ಮೊದಲು ಮಾತಾಡಬೇಕಾಗಿರೋದು ಮನೆ ಮಾಲೀಕರ ಹತ್ರ." ಜನ ಚಪ್ಪಾಳೆ ತಟ್ಟಿದರು. ವೆಂಕಟೇಶ್ ಕೈಕುಲುಕಿ, "ಕಾಂಟ್ರಾಕ್ಟ್ ಬಗ್ಗೆ ಚಿಂತೆ ಬಿಡಿ ಮೇಡಂ" ಎಂದ. ಅವಳಿಗೆ ಸಂತೋಷವಾಯಿತು. ಆಗಬಾರದಿತ್ತು, ಆದರೂ ಆಯಿತು.

ಮರುವಾರ ಮಂಗಳವಾರ ಅವನದೇ ಫೋನು. "ಚಂದ್ರಾ ಲೇಔಟಲ್ಲಿ ಕಟ್ತಿರೋ ಬಿಲ್ಡಿಂಗ್‌ನಲ್ಲಿ ಎರಡು ಮಕ್ಕಳು ಸಿಕ್ಕಿದಾವೆ ಮೇಡಂ. ಹತ್ತು ವರ್ಷದ್ದೂ ಇಲ್ಲ, ಆ ಹುಡುಗಿ ಇಟ್ಟಿಗೆ ಒಲೆ ಹಚ್ಕೊಂಡು ಅನ್ನ ಮಾಡ್ತಿದ್ಲಂತೆ, ಪಕ್ಕದಲ್ಲಿ ಸಣ್ಣ ಮಗು, ಕಂಬಿ, ಸಂಪು. ಎದುರು ಅಪಾರ್ಟ್‌ಮೆಂಟಿನೋರು ಹೆಲ್ಪ್‌ಲೈನಿಗೆ ಫೋನ್ ಮಾಡಿದಾರೆ. ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರ್ಕೊಂಡ್ ಬಂದಿದಾರೆ. ಕುಟುಂಬದ ವರದಿ ನೀವೇ ಬರೀಬೇಕು, ನಿಮ್ಮ ಏರಿಯಾ."

ಮಕ್ಕಳ ಹೆಸರು ಕೇಳುವ ಅಗತ್ಯ ಅವಳಿಗೆ ಬೀಳಲಿಲ್ಲ.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು. ಆಚೆ ಕನ್ನಡಕದ ಅಧ್ಯಕ್ಷೆ, ಪಕ್ಕದಲ್ಲಿ ಇಬ್ಬರು ಸದಸ್ಯರು. ಈಚೆ ಬೆಂಚಿನ ಮೇಲೆ ಅಕ್ಕವ್ವ, ಮಡಿಲಲ್ಲಿ ನಿದ್ದೆಹೋದ ಫಕೀರೇಶ. ಗುರುದೇವಿ ದರ್ಶಿನಿಯ ಒದ್ದೆ ಸೀರೆಯಲ್ಲೇ ಓಡಿ ಬಂದಿದ್ದಳು. ಲತಾಳನ್ನು ಕಂಡು ಅವಳ ಮುಖ ಅರಳಿತು. ಅಕ್ಕವ್ವ "ಅಕ್ಕಾರ..." ಎನ್ನುವಷ್ಟರಲ್ಲಿ ತಾಯಿ ಅವಳ ತೋಳು ಒತ್ತಿದಳು.

"ಮನೆ ಎಲ್ಲಮ್ಮ ನಿಂದು?" ಅಧ್ಯಕ್ಷೆ ಕೇಳಿದರು.

"ಶ್ರಾವಣಕ್ಕ ಸಿಗತೈತ್ರಿ."

"ಶ್ರಾವಣ ಇರ್ಲಿ. ಇವತ್ತು ಎಲ್ಲಿ?"

ಗುರುದೇವಿ ಸೆರಗಿನ ತುದಿ ಹಿಂಡುತ್ತ ನಿಂತಳು. ನೀರು ಒಂದೆರಡು ಹನಿ ನೆಲಕ್ಕೆ ಬಿತ್ತು.

ಮಕ್ಕಳನ್ನು ಕರೆತಂದಿದ್ದ ಸಿಬ್ಬಂದಿ ಅವರ ಗಂಟು ಬಿಚ್ಚಿ ಒಂದೊಂದೇ ಸಾಮಾನು ಮೇಜಿನ ಮೇಲಿಟ್ಟು ಬರೆದುಕೊಳ್ಳುತ್ತಿದ್ದಳು. ಎರಡು ಫ್ರಾಕು, ಒಂದು ಪಾಟಿಚೀಲ, ಒಂದು ಬಾಚಣಿಗೆ. ಕೊನೆಗೆ ಬಂದದ್ದು ಸ್ಟೀಲಿನ ಡಬ್ಬಿ. ಅಧ್ಯಕ್ಷೆ ಅದನ್ನು ಬೆಳಕಿಗೆ ಹಿಡಿದು ಓದಿದರು.

"ಕೆ. ಲಕ್ಷ್ಮಿದೇವಮ್ಮ, ಮಾರೇನಹಳ್ಳಿ. ಯಾರಿದು? ನಿಂಗೆ ಹೇಗೆ ಬಂತು ಇದು?"

"ಕೊಟ್ಟಿದ್ರಿ."

"ಕೊಟ್ಟಿದ್ದಾ, ತಗೊಂಡಿದ್ದಾ?"

ಗುರುದೇವಿಯ ಕಿವಿ ಕೆಂಪಾಯಿತು. ಅಧ್ಯಕ್ಷೆ ಲತಾಳ ಕಡೆ ತಿರುಗಿದರು. "ಮಾರೇನಹಳ್ಳಿ ನಿಮ್ಮ ಕಡೆ ಅಲ್ವಾ? ಈ ಮನೆಯೋರು ಗೊತ್ತಾ? ಗೊತ್ತಿದ್ರೆ ಅವರನ್ನ ಕರೆಸೋಣ. ಈ ಹೆಂಗಸು ಎಂಥವಳು ಅಂತ ಹೇಳೋರು ಒಬ್ಬರಾದ್ರೂ ಸಿಕ್ಕಿದ್ರೆ, ಒಂದು ವಿಳಾಸ ಅಂತ ಆದ್ರೆ, ಮಕ್ಕಳನ್ನ ಇವಳ ಜೊತೇಲೇ ಕಳಿಸೋ ದಾರಿ ಹುಡುಕ್ಬಹುದು."

ವೆಂಕಟೇಶ್ ಪಕ್ಕದಲ್ಲೇ ಕೂತಿದ್ದ. ನಮ್ಮತ್ತೆಯ ಡಬ್ಬಿ ಮೇಡಂ, ಇವರು ನಾಲ್ಕು ವರ್ಷ ನಮ್ಮ ಹಿತ್ತಲಲ್ಲೇ ಇದ್ದರು, ನಾವೇ ಹೊರಹಾಕಿದೆವು. ಲತಾ ಇಷ್ಟೇ ಹೇಳಬೇಕಿತ್ತು. ಸಭಾಂಗಣದ ಚಪ್ಪಾಳೆ ಇನ್ನೂ ಹತ್ತು ದಿನ ಹಳೆಯದಾಗಿರಲಿಲ್ಲ.

"ಇಲ್ಲ ಮೇಡಂ," ಎಂದಳು. "ಗೊತ್ತಿಲ್ಲ. ಕೆಲಸಕ್ಕೆ ಹೋಗ್ತಿದ್ದ ಮನೆ ಇರ್ಬೇಕು."

ಗುರುದೇವಿ ಅವಳನ್ನು ಒಂದು ಕ್ಷಣ ನೋಡಿದಳು. ಆಮೇಲೆ ಅಧ್ಯಕ್ಷೆಯ ಕಡೆ ತಿರುಗಿ ಪಾಠ ಒಪ್ಪಿಸುವವಳಂತೆ ಹೇಳಿದಳು. "ಹೌದ್ರಿ ಮೇಡಮ್ಮಾರ. ಕೆಲಸದ ಮನಿರಿ. ಛಲೋ ಮಂದಿ. ಈಗ ಊರು ಬಿಟ್ಟು ಹೋಗ್ಯಾರ್ರಿ."

ಹತ್ತು ನಿಮಿಷದಲ್ಲಿ ಆದೇಶ ಬರೆದಾಯಿತು. ಅಕ್ಕವ್ವ ಹೆಣ್ಣುಮಕ್ಕಳ ಬಾಲಮಂದಿರಕ್ಕೆ. ಫಕೀರೇಶನಿಗೆ ಆರು ತುಂಬಿಲ್ಲ, ಆದ್ದರಿಂದ ಶಿಶುಮಂದಿರಕ್ಕೆ. ಎರಡೂ ಬೇರೆ ಬೇರೆ ಕಟ್ಟಡ, ಬೇರೆ ಬೇರೆ ರಸ್ತೆ. ತಾಯಿ ಸ್ವಂತ ವಿಳಾಸ ತೋರಿಸಿದ ಮೇಲೆ ಮತ್ತೆ ವಿಚಾರಣೆ. ನಿದ್ದೆಯಲ್ಲಿದ್ದ ಮಗುವನ್ನು ಅಕ್ಕನ ಮಡಿಲಿನಿಂದ ಎತ್ತುವಾಗ ಅದು ಎಚ್ಚರಾಗಿ ಅವಳ ಜಡೆ ಹಿಡಿದುಕೊಂಡಿತು. ಬಿಡಿಸಲು ಇಬ್ಬರು ಬೇಕಾದರು. ಅಕ್ಕವ್ವ ಅಳಲಿಲ್ಲ. "ಅಂವಾ ಬೆಲ್ಲ ಹಾಕಿದ ಹಾಲು ಅಷ್ಟೇ ಕುಡೀತಾನ್ರಿ, ಸಕ್ಕರಿದು ಕುಡಿಯಂಗಿಲ್ಲ," ಎಂದು ಸಿಬ್ಬಂದಿಯ ಹಿಂದೆ ಬಾಗಿಲವರೆಗೂ ಹೇಳುತ್ತ ಹೋದಳು.

ಅವಳನ್ನೂ ಹೊರಡಿಸುವ ಹೊತ್ತಿಗೆ ಸಾಮಾನಿನ ಗಂಟು ಮತ್ತೆ ಅವಳ ಕೈಗೆ ಬಂತು. ಅದರೊಳಗಿಂದ ಡಬ್ಬಿ ತೆಗೆದು, ಬೆಂಚಿನ ಮೂಲೆಗೆ ತಿರುಗಿ ಏನೋ ಮಾಡಿ, ಮುಚ್ಚಳ ಬಿಗಿಯಾಗಿ ಒತ್ತಿ ತಾಯಿಯ ಕೈಗಿಟ್ಟಳು. ತಾಯಿಯ ಕಿವಿಯಲ್ಲಿ ಏನೋ ಹೇಳಿ, ಹಿಂದಿರುಗಿ ನೋಡುತ್ತ ಜೀಪು ಹತ್ತಿದಳು.

ವೆರಾಂಡಾದಲ್ಲಿ ಯಾರೂ ಇಲ್ಲದ್ದು ನೋಡಿ ಗುರುದೇವಿ ಲತಾಳ ಹತ್ತಿರ ಬಂದಳು.

"ನಿಮ್ಮ ಹೆಸರು ತಗೀಲಿಲ್ಲ ಅಕ್ಕಾರ ನಾ."

ಲತಾ ನೆಲ ನೋಡಿದಳು.

"ಬರಿಯೋರು ನೀವೇ ಅಂತ ಹೇಳಿದ್ರು. ನಾ ನಿಮ್ಮ ಮರ್ಯಾದಿ ಉಳಿಸೀನಿ. ನೀವು ಛಲೋ ಬರೀರಿ. ತಾಯಿ ಕುಡಿಯೋಕಿ ಅಲ್ಲ, ಹೊಡಿಯೋಕಿ ಅಲ್ಲ, ದುಡೀತಾಳ ಅಂತ ಬರೀರಿ. ಶ್ರಾವಣಕ್ಕ ಮಕ್ಕಳ ಕೊಡ್ತಾರಲ್ರಿ?"

"ಮನೆ ಆಗ್ಬೇಕು ಗುರುದೇವಿ. ಬಾಡಿಗೆ ಕಾಗದ ಬೇಕು. ಓನರ್ ಸೈನ್ ಹಾಕಿರ್ಬೇಕು."

"ಸಹಿ ಹಾಕ್ತಾರೇನ್ರಿ ಯಾರಾದ್ರೂ?"

ಲತಾ ಹೊರಡಲು ಚೀಲ ಹೆಗಲಿಗೇರಿಸಿದಳು. ಗುರುದೇವಿ ಡಬ್ಬಿಯನ್ನು ಅವಳ ಕೈಗಿಟ್ಟಳು. "ಅಮ್ಮಾರಿಗೆ ಮುಟ್ಟಿಸ್ರಿ. ಖಾಲಿ ಕೊಡಬ್ಯಾಡ ಅಂತ ಅಕ್ಕವ್ವ ಅಂದ್ಲು."

*

ಸಂಜೆ ಮನೆಯಲ್ಲಿ ಕಾಫಿಯ ಹೊತ್ತು. ಹಿತ್ತಲಿನಲ್ಲಿ ಪಿಲ್ಲರಿನ ಕಂಬಿ ಕಟ್ಟುತ್ತಿದ್ದರು. ಲಕ್ಷ್ಮಿದೇವಮ್ಮ ಡಬ್ಬಿಯನ್ನು ದೂರದಿಂದಲೇ ಗುರುತು ಹಿಡಿದರು.

"ಅಯ್ಯೋ, ನಮ್ ಡಬ್ಬಿ! ಗುರುದೇವಿ ಸಿಕ್ಕಿದ್ಲಾ? ಹೇಗಿದಾಳೆ? ಮಕ್ಕಳು?"

ಗಗನಾ ಪುಸ್ತಕದಿಂದ ತಲೆಯೆತ್ತಿ ಅಮ್ಮನ ಮುಖ ನೋಡಿದಳು.

"ಚೆನ್ನಾಗಿದಾರೆ ಅತ್ತೆ," ಎಂದಳು ಲತಾ. "ಮಕ್ಕಳನ್ನ ಹಾಸ್ಟೆಲಿಗೆ ಸೇರಿಸಿದಾರೆ."

"ಸದ್ಯ, ಒಳ್ಳೇದಾಯ್ತು ಬಿಡು. ಇನ್ಮೇಲಾದ್ರೂ ಆ ಹುಡುಗಿ ಓದುತ್ತೆ." ಅವರು ಮುಚ್ಚಳ ತೆಗೆದರು. ಒಳಗೆ ಎರಡು ಗ್ಲೂಕೋಸ್ ಬಿಸ್ಕತ್ತು. ಸಮಿತಿಯ ಕಚೇರಿಯಲ್ಲಿ ಮಕ್ಕಳಿಗೆ ತಲೆಗೊಂದರಂತೆ ಕೊಟ್ಟಿದ್ದವು. "ನೋಡಿದ್ಯಾ? ಬಿಲ್ಡಿಂಗ್ ಕೆಳಗಿದ್ರೂ ಖಾಲಿ ಕಳಿಸ್ಲಿಲ್ಲ. ಎಂಥಾ ಮಂದಿ!"

ಕೃಷ್ಣಪ್ಪ ಕಾಫಿ ಲೋಟ ಹಿಡಿದುಕೊಂಡು ಕೈಚಾಚಿದರು. ಲಕ್ಷ್ಮಿದೇವಮ್ಮ ಒಂದನ್ನು ಕೊಟ್ಟರು. ಅವರು ಅದ್ದಿ ತಿಂದರು.

"ಮೆತ್ತಗಾಗ್ಬಿಟ್ಟೈತೆ," ಎಂದರು. "ಆ ಇನ್ನೊಂದನ್ನೂ ಕೊಡು, ಸುಮ್ನೆ ಯಾಕೆ ಹಾಳಾಗ್ಬೇಕು."

ಲತಾ ಡಬ್ಬಿಯನ್ನು ತೆಗೆದುಕೊಂಡು ಸಿಂಕಿಗೆ ಹೋದಳು. ತಿಕ್ಕಿ, ತೊಳೆದು, ಒರೆಸಿ, ಹೆಸರು ಗೋಡೆಯ ಕಡೆ ಬರುವಂತೆ ತಿರುಗಿಸಿ ಕಪಾಟಿನಲ್ಲಿಟ್ಟಳು. ಆಮೇಲೆ ಊಟದ ಮೇಜಿಗೆ ಬಂದು ವರದಿ ಬರೆಯಲು ಕೂತಳು. ತಾಯಿ ಕುಡಿಯುವವಳಲ್ಲ, ಹೊಡೆಯುವವಳಲ್ಲ, ದುಡಿಯುತ್ತಾಳೆ ಎಂದು ಬರೆದಳು. ಕುಟುಂಬದ ಹಿಂದಿನ ವಿಳಾಸ ಎಂಬ ಸಾಲು ಬಂತು. ಗಗನಾ ಎದುರಿಗೆ ಕೂತು ಅವಳ ಪೆನ್ನನ್ನೇ ನೋಡುತ್ತಿದ್ದಳು.

"ಬರಿಯಮ್ಮ," ಎಂದಳು. "ಅಡ್ರೆಸ್ ನಿಂಗೆ ಗೊತ್ತಲ್ಲ."

ಲತಾ 'ತಿಳಿದುಬಂದಿಲ್ಲ' ಎಂದು ಬರೆದು ಪುಟ ತಿರುಗಿಸಿದಳು. ಗಗನಾ ಪುಸ್ತಕ ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.